ಪತ್ರಿಕೆ ಬಿಟ್ಟು ಮೊದಲ ಕಾದಂಬರಿಗೆ ಕೂತವರು ಯಾರಾದ್ರೂ ಇದ್ದೀರಾ?

ಹದಿನಾಲ್ಕು ವರ್ಷ ವರದಿಗಾರನಾಗಿದ್ದೆ. ಹೋದ ವರ್ಷ ಕೆಲಸ ಬಿಟ್ಟು ಕಾದಂಬರಿ ಶುರು ಮಾಡಿದೆ. ಅರವತ್ತು ಪುಟ ಆಗಿದೆ. ಓದಿದವರೆಲ್ಲ "ಪೇಪರ್ ಓದಿದ ಹಾಗಿದೆ" ಅಂತಾರೆ. ಇದರಿಂದ ಹೊರಬಂದವರು ಹೇಗೆ ಬಂದಿರಿ, ದಯವಿಟ್ಟು ಹೇಳಿ.

*

ಸರ್, ನನಗೂ ಹೀಗೇ ಆಗಿತ್ತು. ನಾನು ಬಾಗಲಕೋಟೆಯಲ್ಲಿ ವರದಿಗಾರನಾಗಿದ್ದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿಗೆ ಬಂದ ಕಾಲ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್ ಅನ್ನೋ ಅಂಕಿಯನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಕಾದಂಬರಿಯ ಮೊದಲ ಪುಟದಲ್ಲೂ ಅದೇ ಬಂತು. ಜೊತೆಗೆ ಪರಿಹಾರ, ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಸೈಟು, ಎಲ್ಲ. ಮುಖ್ಯವಾದದ್ದು ಮೊದಲ ಪ್ಯಾರಾದಲ್ಲೇ ಇರಬೇಕು, ಜಾಗ ಸಾಲದಿದ್ದರೆ ಸುದ್ದಿ ತಿದ್ದುವ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ ಅಲ್ವಾ? ಆ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಮನೆ ಮುಳುಗಿತು ಅಂತ ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಆ ಮನೆಯೊಳಗೆ ಕೂರಲು ಪುರುಸೊತ್ತೇ ಸಿಗುವುದಿಲ್ಲ.

ದಾರಿ ಸಿಕ್ಕಿದ್ದು ಹಳೇ ನೋಟ್‌ಬುಕ್ಕಿನಲ್ಲಿ, ಅಚ್ಚಾಗದೆ ಉಳಿದ ನಾಲ್ಕು ಸಾಲಿನಲ್ಲಿ. ಒಂದು ಮನೆಯವರು ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ್ದರು. ಅಜ್ಜಿ ಹೊಸ್ತಿಲು ಮಾತ್ರ ಕೀಳಲು ಬಿಡಲಿಲ್ಲ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪಕ್ಕದಲ್ಲೇ ಕೂತಿದ್ದರು. ಅವತ್ತು ನನಗದು ಸುದ್ದಿ ಅನ್ನಿಸಿರಲಿಲ್ಲ. ಕಾದಂಬರಿ ಆ ಹೊಸ್ತಿಲಿನಿಂದಲೇ ಶುರುವಾಯಿತು. ನಿಮ್ಮ ನೋಟ್‌ಬುಕ್ಕುಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.

ಇನ್ನೊಂದು ಮಾತು. ಪರಿಹಾರದ ಹಣಕ್ಕೆ ತಮ್ಮನ ಜೊತೆ ಜಗಳವಾದದ್ದನ್ನು ಹೇಳಿದವರೊಬ್ಬರು "ಇದನ್ನ ಪೇಪರ್‌ನ್ಯಾಗ ಹಾಕಬ್ಯಾಡ್ರಿ" ಅಂದಿದ್ದರು. ಕಥೆಗೆ ಅದು ಬೇಕೇ ಬೇಕಿತ್ತು. ಹೆಸರು ಬದಲಿಸಿದೆ. ಆದರೂ ಊರಿನವರಿಗೆ ಗೊತ್ತಾಗದೆ ಇರುತ್ತದೆಯೇ? ಮನಸ್ಸು ತಡೆಯಲಿಲ್ಲ, ಅವರ ಮನೆಗೇ ಹೋಗಿ ಆ ಅಧ್ಯಾಯ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ "ನಮ್ಮ ತಮ್ಮ ಆವತ್ತ ಅತ್ತಿದ್ದ, ಅದನ್ನೂ ಬರೀರಿ" ಅಂದರು. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಇಷ್ಟವಾದ ಪುಟ ಅದು.

*

ದುಡ್ಡಿನ ವಿಷಯವನ್ನೂ ಹೇಳ್ತೀನಿ. ನನ್ನ ಮೊದಲ ಕಾದಂಬರಿ 500 ಪ್ರತಿ ಅಚ್ಚಾಯಿತು. ಗೌರವಧನದ ಬದಲು ಪುಸ್ತಕ ಕೊಟ್ಟರು. ವಾರಕ್ಕೊಂದು ಅಂಕಣವೋ ಅನುವಾದವೋ ಕೈಯಲ್ಲಿರಲಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ನೋಡಿಕೊಳ್ಳಿ.

*

ನಾನು ಡೆಸ್ಕಿನಲ್ಲಿದ್ದವಳು. ನನ್ನ ಕಷ್ಟ ಬೇರೆ. ಒಂದು ಸಾಲು ಬರೆದರೆ ತಕ್ಷಣ ತಿದ್ದುತ್ತಿದ್ದೆ. ಮೂರು ತಿಂಗಳಲ್ಲಿ ಒಂಬತ್ತು ಪುಟ. ಕೊನೆಗೆ ಕಂಪ್ಯೂಟರ್ ಬಿಟ್ಟು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದೆ. ಅಧ್ಯಾಯ ಮುಗಿಯುವವರೆಗೆ ಹಿಂದಿನ ಹಾಳೆ ತಿರುಗಿಸಲಿಲ್ಲ. ಆಮೇಲೆ ಕೆಂಪು ಪೆನ್ನು ಹಿಡಿದು ಮೊದಲು ಹುಡುಕಿದ್ದು "ಎಂದು ತಿಳಿಸಿದರು", "ಎಂದು ಅಭಿಪ್ರಾಯಪಟ್ಟರು" ಅನ್ನೋದನ್ನ. ನನ್ನ ಕಥೆಯಲ್ಲಿ ಅತ್ತೆ ಸೊಸೆ ಕೂಡ ಪತ್ರಿಕಾಗೋಷ್ಠಿಯಲ್ಲಿ ಕೂತವರ ಹಾಗೆ ಮಾತಾಡುತ್ತಿದ್ದರು. ಅಷ್ಟನ್ನೂ ಹೊಡೆದುಹಾಕಿ, ಅಡುಗೆಮನೆಯಲ್ಲಿ ಅವರು ನಿಜವಾಗಿ ಆಡುವ ಮಾತು ಬರೆದೆ. ನಿಮ್ಮ ಅರವತ್ತು ಪುಟದಲ್ಲೂ ಒಂದು ಸಲ ಹುಡುಕಿ ನೋಡಿ.