ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟ್ ಹಾಕಿಸಿದರೆ ಇಂಜಿನ್‌ಗೆ ನಿಜಕ್ಕೂ ಲಾಭ ಇದೆಯಾ?

ಸ್ಪ್ಲೆಂಡರ್ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸ್ಪ್ಲೆಂಡರ್ ಇದೆ, ಮನೆಯಲ್ಲಿ ಒಂದು ವ್ಯಾಗನ್‌ಆರ್ ಕೂಡ ಇದೆ. ಹಳೇ ಆಯಿಲ್ ಇಳಿಸಲು ಇಂಜಿನ್ ಕೆಳಗೆ ಬಿಚ್ಚುವ ಬೋಲ್ಟ್ ಇರುತ್ತಲ್ಲ, ಅದರ ಬದಲು ತುದಿಯಲ್ಲಿ ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟ್ ಹಾಕಿಸಿದರೆ ಇಂಜಿನ್ ಜಾಸ್ತಿ ಬಾಳಿಕೆ ಬರುತ್ತದೆ ಅಂತ ಸ್ನೇಹಿತರೊಬ್ಬರು ಹೇಳಿದರು. ಮೆಕ್ಯಾನಿಕ್ ಕೇಳಿದರೆ ಸುಮ್ನೆ ದುಡ್ಡು ದಂಡ ಅಂತಾರೆ. ಎರಡಕ್ಕೂ ಹಾಕಿಸಲಾ, ಬೇಡ್ವಾ?

ಗ್ರೀಸ್ ಕೈ:
ಬೈಕ್‌ಗೆ ಹಾಕಿಸಿ, ಕಾರಿಗೆ ನಿಮ್ಮಿಷ್ಟ. ಬೈಕ್‌ನಲ್ಲಿ ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್ ಅಲ್ವಾ, ಗೇರ್ ಹಲ್ಲು ಸವೆದು ಬಿದ್ದ ಉಕ್ಕಿನ ಪುಡಿ ಅದೇ ಆಯಿಲ್ ಜೊತೆ ಇಂಜಿನ್ ಪೂರ್ತಿ ಸುತ್ತುತ್ತದೆ. ಅದೂ ಸ್ಪ್ಲೆಂಡರ್‌ನಲ್ಲಿ ಪೇಪರ್ ಫಿಲ್ಟರ್ ಇಲ್ಲ. ಒಂದು ಜಾಲರಿ, ಒಂದು ಸೆಂಟ್ರಿಫ್ಯೂಗಲ್ ಫಿಲ್ಟರ್ (ತಿರುಗುವ ರಭಸಕ್ಕೆ ಕಸವನ್ನು ಅಂಚಿಗೆ ತಳ್ಳಿ ಹಿಡಿಯುವಂಥದ್ದು), ಅಷ್ಟೇ. ಕಾರಿನಲ್ಲಿ ಗೇರ್‌ಬಾಕ್ಸ್ ಆಯಿಲ್ ಬೇರೆ, ಇಂಜಿನ್‌ಗೆ ಒಳ್ಳೆ ಫಿಲ್ಟರ್ ಇದೆ. ಹಾಗಾಗಿ ಮ್ಯಾಗ್ನೆಟ್‌ಗೆ ಅಲ್ಲಿ ಕೆಲಸ ಕಡಿಮೆ.

ಒಂದು ಮಾತು ನೆನಪಿರಲಿ. ಮ್ಯಾಗ್ನೆಟ್ ಹಿಡಿಯುವುದು ಕಬ್ಬಿಣ, ಉಕ್ಕು ಮಾತ್ರ. ಪಿಸ್ಟನ್ನಿನ ಅಲ್ಯೂಮಿನಿಯಂ, ಮಣ್ಣು, ಕಾರ್ಬನ್ ಯಾವುದೂ ಅದಕ್ಕೆ ಅಂಟುವುದಿಲ್ಲ. ಮ್ಯಾಗ್ನೆಟ್ ಇದೆ ಅಂತ ಆಯಿಲ್ ಚೇಂಜ್ ಮುಂದಕ್ಕೆ ಹಾಕಬೇಡಿ.

ಹುಬ್ಬಳ್ಳಿ ಬುಲೆಟ್:
ನನಗೆ ಕೇಳಿದರೆ ಅದು ಇಂಜಿನ್ ಉಳಿಸುತ್ತದೆ ಅನ್ನುವುದಕ್ಕಿಂತ ಒಳಗೆ ಏನು ನಡೀತಿದೆ ಅಂತ ಹೇಳುತ್ತದೆ, ಅದೇ ದೊಡ್ಡ ಲಾಭ. ಬೋಲ್ಟ್ ಬಿಚ್ಚಿದ ಮೇಲೆ ತುದಿಗೆ ಅಂಟಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಕಾಡಿಗೆ ಹಾಗೆ ನುಣ್ಣಗೆ, ಬೂದು ಬಣ್ಣಕ್ಕಿದ್ದರೆ ಮಾಮೂಲಿ ಸವೆತ. ಹೊಸ ಗಾಡಿಯ ಮೊದಲ ಸರ್ವೀಸ್‌ನಲ್ಲಿ ಜಾಸ್ತಿಯೇ ಇರುತ್ತದೆ, ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು, ಸೂಜಿಯಂಥ ತುಂಡು ಸಿಕ್ಕರೆ ಮಾತ್ರ ಇಂಜಿನ್ ಬಿಚ್ಚಿಸಿ ನೋಡಬೇಕು. ನೋಡಿ ಆದಮೇಲೆ ಒರೆಸಿ ಹಾಕಿ, ಕೆಲವರು ಒರೆಸದೆ ಹಾಗೇ ತಿರುಗಿಸಿಬಿಡ್ತಾರೆ!

ಲೇತ್ ಮಾಮ:
ಎಲ್ಲರೂ ಮ್ಯಾಗ್ನೆಟ್ ಬಗ್ಗೆಯೇ ಹೇಳ್ತಿದ್ದೀರಿ, ನನ್ನ ಹತ್ತಿರ ಬರುವುದೆಲ್ಲ ಥ್ರೆಡ್ ಹೋದ ಕೇಸ್. ಬೈಕ್ ಇಂಜಿನ್ನಿನ ಹೊರಕವಚ ಮೆತ್ತನೆ ಅಲ್ಯೂಮಿನಿಯಂ, ಬೋಲ್ಟ್ ಗಟ್ಟಿ ಉಕ್ಕು, ತಪ್ಪು ಬೋಲ್ಟ್ ಬಿಗಿದರೆ ಕವಚದ ಥ್ರೆಡ್ಡೇ ಹೋಗುತ್ತದೆ. 12 ಎಂಎಂ ಬೋಲ್ಟ್ ಅಂದರೂ ಪಿಚ್ (ಥ್ರೆಡ್ಡಿನ ಎಳೆಗಳ ನಡುವಿನ ಅಂತರ) 1.25, 1.5, 1.75 ಎಂಎಂ ಅಂತ ಬೇರೆ ಬೇರೆ ಬರುತ್ತದೆ. ಹಳೇ ಬೋಲ್ಟ್ ಪಕ್ಕ ಇಟ್ಟು ಥ್ರೆಡ್ಡಿಗೆ ಥ್ರೆಡ್ ಕೂಡಿಸಿ ನೋಡಿ, ಉದ್ದವೂ ಅಷ್ಟೇ ಇರಲಿ. ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್. ವಾಷರ್ ಹೊಸದು ಹಾಕಿ.

ಅಗ್ಗದ್ದು ಬೇಡ. ಗಮ್ಮಿನಲ್ಲಿ ಅಂಟಿಸಿದ ಮ್ಯಾಗ್ನೆಟ್ ಕಳಚಿ ಚೇಂಬರ್ ಒಳಗೇ ಬೀಳಬಹುದು. ಸಾಧಾರಣ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಇಂಜಿನ್ ಆಯಿಲ್ 100 ಡಿಗ್ರಿ ಆರಾಮಾಗಿ ಮುಟ್ಟುತ್ತದೆ. ಬಿಸಿ ತಡೆಯುವ ಗ್ರೇಡ್ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ.

ಸ್ಪ್ಲೆಂಡರ್ ಸವಾರ:
ಥ್ಯಾಂಕ್ಸ್ ಮಾಮ. ಬೋಲ್ಟ್ ಬದಲು ಹಳೇ ಸ್ಪೀಕರ್ ಮ್ಯಾಗ್ನೆಟ್ಟನ್ನು ಹೊರಗಿನಿಂದ ಅಂಟಿಸಿದರೆ ಆಗಲ್ವಾ?

ಲೇತ್ ಮಾಮ:
ಸ್ಪ್ಲೆಂಡರ್‌ಗೆ ಅಂಟಿಸಿ ನೋಡು, ಕೆಳಗೆ ಬೀಳುತ್ತದೆ. ಅಲ್ಯೂಮಿನಿಯಂ ಅಂದೆನಲ್ಲಪ್ಪಾ! ಕಾರಿನ ಆಯಿಲ್ ಫಿಲ್ಟರ್ ಡಬ್ಬಿ ತಗಡಿನದಾದರೆ ಅದಕ್ಕೆ ಅಂಟುತ್ತದೆ, ಒಳಗೆ ಸ್ವಲ್ಪ ಪುಡಿ ಹಿಡಿದರೂ ಹಿಡಿಯಬಹುದು. ಆದರೆ ಹಳ್ಳದಲ್ಲಿ ಗಾಡಿ ಕುಲುಕಿ ಅದು ಎಲ್ಲಿ ಬಿತ್ತು ಅಂತ ಹುಡುಕೋರು ಯಾರು?