ಪದ ಬೇಕು: ಖಂಡನಾ ನಿರ್ಣಯವೋ, ಠರಾವೋ, ಗೊತ್ತುವಳಿಯೋ? (ಇವತ್ತು ಸಂಜೆಯೊಳಗೆ)

ಧಾರವಾಡದಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮ ಕಾಲೇಜಿನಲ್ಲಿ ಅಣಕು ಸಂಸತ್ತು. ಅಮೆರಿಕದ ಮಿನ್ನೆಸೋಟದಲ್ಲಿ 2025ರ ಜೂನ್ 14ರಂದು ಪೊಲೀಸ್ ವೇಷದಲ್ಲಿ ಬಂದವನೊಬ್ಬ ಅಲ್ಲಿನ ವಿಧಾನಸಭೆಯ ಮಾಜಿ ಸ್ಪೀಕರ್ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಮನೆಯಲ್ಲೇ ಗುಂಡಿಕ್ಕಿ ಕೊಂದನಲ್ಲ. ಜಾನ್ ಹಾಫ್‌ಮನ್ ಅನ್ನುವ ಇನ್ನೊಬ್ಬ ಶಾಸಕರು ಮತ್ತು ಅವರ ಹೆಂಡತಿಗೂ ಗುಂಡು ತಗುಲಿತು, ಬದುಕಿಕೊಂಡರು. ಅದೇ ತಿಂಗಳು ಅಮೆರಿಕದ ಪ್ರತಿನಿಧಿ ಸಭೆ, ಒಂದೂ ವಿರೋಧ ಮತ ಬೀಳದೆ, ಆ ದಾಳಿಯನ್ನು ಖಂಡಿಸಿತು. ನಮ್ಮ ಹುಡುಗರು ಅಂಥದ್ದೇ ಒಂದನ್ನು ಕನ್ನಡದಲ್ಲಿ ಮಂಡಿಸುತ್ತಾರೆ. ಬ್ಯಾನರ್‌ಗೆ 'ಜನಪ್ರತಿನಿಧಿಗಳ ಖಂಡನಾ ನಿರ್ಣಯ' ಅಂತ ಬರೆದಿದ್ದಾರೆ. ಏನೋ ಸರಿ ಇಲ್ಲ ಅನ್ನಿಸ್ತಿದೆ. ಫ್ಲೆಕ್ಸ್ ಅಂಗಡಿಯವರು ಐದು ಗಂಟೆಗೆ ಮ್ಯಾಟರ್ ಕೇಳಿದ್ದಾರೆ.

ಹುಬ್ಬಳ್ಳಿಯಿಂದ:
ಮೇಡಂ, ಅದನ್ನು ಕಟ್ಟಿದರೆ ಬೈಸಿಕೊಳ್ಳೋರು ಜನಪ್ರತಿನಿಧಿಗಳೇ. ಖಂಡಿಸುವವರು ಅವರೋ, ಖಂಡನೆಗೆ ಒಳಗಾದವರು ಅವರೋ? ಆ 'ಗಳ' ಎರಡೂ ಕಡೆ ಕಾಲಿಟ್ಟಿದೆ. ಅದೂ ಅಲ್ಲದೆ, ಸಭೆ ತನ್ನದೇ ಸದಸ್ಯನಿಗೆ ಛೀಮಾರಿ ಹಾಕಿದಾಗಲೂ ಪೇಪರಿನವರು ಖಂಡನಾ ನಿರ್ಣಯ ಅಂತಾನೇ ಬರೀತಾರೆ. ವಾಗ್ದಂಡನೆ ಕಡೆ ಹೋಗಲೇಬೇಡಿ, ಅದು ಟ್ರಂಪ್ ವಿಚಾರಣೆಗೆ ಅಂಟಿಕೊಂಡುಬಿಟ್ಟಿದೆ. 'ಖಂಡಿಸುವ ಠರಾವು' ಅನ್ನಿ. ನಮ್ಮ ಕಡೆ ಠರಾವು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾವೇರಿಯಿಂದ:
ಠರಾವು ಮರಾಠಿ. ನಾವು ಮುಂಬಯಿ ಬಿಟ್ಟು ಬಂದದ್ದು 1956ರಲ್ಲಿ. ಇನ್ನೂ ಅದನ್ನೇ ಹೊತ್ತುಕೊಂಡು ತಿರುಗಬೇಕೇ? ಗೊತ್ತುವಳಿ ಇದೆ. ಹಿಡುವಳಿ, ಬಳುವಳಿ, ನಿಲುವಳಿ ಇವುಗಳ ಸಾಲಿನ ಪದ. ಗೊತ್ತು ಅಂದರೆ ತಿಳಿದದ್ದು ಅಷ್ಟೇ ಅಲ್ಲ, ನಿಶ್ಚಯವಾದದ್ದು. ಮದುವೆ ಗೊತ್ತಾಯಿತು ಅನ್ನಲ್ವಾ? ಹತ್ತು ಜನ ಕೂತು ಗೊತ್ತು ಮಾಡಿದ್ದು ಗೊತ್ತುವಳಿ. ಯಾರಾದರೂ 'ಚುನಾಯಿತ' ತರುವ ಮೊದಲೇ ಹೇಳಿಬಿಡ್ತೀನಿ, ಅದು ಹಿಂದಿಗೆ ಸಂಸ್ಕೃತದ ಬಾಲ ಹಚ್ಚಿದ ಪದ. ಖಂಡನೆಯೂ ಬೇಡ. ಖಂಡ ಅಂದರೆ ತುಂಡು. ಹಿಂಸೆ ಬೇಡ ಅನ್ನೋರು ಕತ್ತರಿಸುವ ಪದ ಹಿಡಿಯೋದೇ? 'ತೆಗಳುವ ಗೊತ್ತುವಳಿ' ಅನ್ನಿ.

ಗದಗದಿಂದ:
ತೆಗಳುವ! ಮನುಷ್ಯರನ್ನು ತೆಗಳುತ್ತಾರೆ ಸರ್, ಕೊಲೆಯನ್ನಲ್ಲ. ಠರಾವು ಬೇಡ ಅನ್ನೋದಾದರೆ ಜಿಲ್ಲೆ, ತಾಲೂಕು ಎರಡನ್ನೂ ಬಿಟ್ಟು ನಿಮ್ಮ ವಿಳಾಸ ಬರೆಯಿರಿ ನೋಡೋಣ. ಎರಡೂ ಅರಬ್ಬಿಯಿಂದ ಬಂದವು. ನಾನು ಪಂಚಾಯ್ತಿಯಲ್ಲಿ ಠರಾವು ಪುಸ್ತಕ ಬರೆದವನು. ಮೊದಲು ವಿಷಯ, ಆಮೇಲೆ ಚರ್ಚೆ, ಅದರ ಕೆಳಗೆ 'ಸರ್ವಾನುಮತದಿಂದ ಠರಾಯಿಸಲಾಯಿತು', ಕೊನೆಗೆ ಸೂಚಕರು, ಅನುಮೋದಕರು, ಎರಡು ಸಹಿ. ಠರಾಯಿಸು ಅಂತ ಕನ್ನಡದ 'ಇಸು' ಹಚ್ಚಿಕೊಂಡು ಕ್ರಿಯಾಪದವೇ ಆಗಿಹೋಗಿದೆ. ಈಗ ಅದನ್ನು ಯಾವ ಊರಿಗೆ ವಾಪಸ್ ಕಳಿಸ್ತೀರಿ? ಗೊತ್ತುವಳಿಗೆ ಕ್ರಿಯಾಪದ ಎಲ್ಲಿದೆ?

ಹಾವೇರಿಯಿಂದ:
ಗೊತ್ತುಮಾಡು. ಇದೆ. ಗುಮಾಸ್ತರು ಬರೆದದ್ದೆಲ್ಲ ಪ್ರಮಾಣ ಅಲ್ಲ.

ಗದಗದಿಂದ:
ಗುಮಾಸ್ತ ಪಾರಸಿ.

ಧಾರವಾಡದಿಂದ:
ಆ ಜಗಳ ರಾತ್ರಿ ಮುಂದುವರಿಸಿ, ದಯವಿಟ್ಟು. ಈಗ ಒಬ್ಬ ಹುಡುಗ ಎಲ್ಲ ಕಡೆ 'ಮಸೂದೆ' ಅಂತ ತಿದ್ದಿಟ್ಟಿದ್ದಾನೆ. ಇನ್ನೊಬ್ಬ 'ಹಿಂಸಾಚಾರ'ವೇ ಬೇಕು ಅಂತಾನೆ.

ಹುಬ್ಬಳ್ಳಿಯಿಂದ:
ಮಸೂದೆ ಅಲ್ಲವೇ ಅಲ್ಲ. ಅಲ್ಲಿ ಮಸೂದೆ ಅಂದರೆ ಎರಡೂ ಸದನ ದಾಟಿ ಅಧ್ಯಕ್ಷರ ಸಹಿಗೆ ಹೋಗಬೇಕು. ಇದು ಒಂದು ಸದನ ತನ್ನ ಅಭಿಪ್ರಾಯ ಹೇಳಿದ್ದು. ಸಹಿಗೆ ಹೋಗಲ್ಲ, ಇದರಿಂದ ಯಾರಿಗೂ ಶಿಕ್ಷೆ ಆಗಲ್ಲ. ಖಂಡಿಸೋದೇ ಅದರ ಕೆಲಸ, ಹಾಗಾಗಿ 'ಖಂಡಿಸುವ' ಅನ್ನೋದನ್ನು ಬಿಡಬೇಡಿ. ಹಿಂಸಾಚಾರ ಅಂದರೆ ಗಲಭೆ, ಕಲ್ಲು ತೂರಾಟ ಕಣ್ಣ ಮುಂದೆ ಬರುತ್ತೆ. ಮನೆ ಬಾಗಿಲಿಗೇ ಬಂದು ಗುಂಡು ಹಾರಿಸಿದ್ದು ಬೇರೆ. ಬರೀ 'ಹಿಂಸೆ' ಸಪ್ಪೆ, ಬಸ್ ಲೇಟಾದರೂ ನಾವು ಹಿಂಸೆ ಅಂತೀವಿ. 'ರಾಜಕೀಯ ದಾಳಿ' ಅಂದರೆ ಭಾಷಣದಲ್ಲಿ ಬೈದಾಡಿದ ಹಾಗೆ ಕೇಳುತ್ತೆ. ಸುಮ್ನೆ ಪೂರ್ತಿ ಬರೆದುಬಿಡಿ: 'ಜನಪ್ರತಿನಿಧಿಗಳ ಮೇಲೆ ರಾಜಕೀಯ ದ್ವೇಷದಿಂದ ನಡೆಯುವ ದಾಳಿಗಳನ್ನು ಖಂಡಿಸುವ ಠರಾವು'.

ಧಾರವಾಡದಿಂದ:
ಉದ್ದ ಜಾಸ್ತಿ ಆಯಿತು, ಆದರೂ ಅಂಗಡಿಯವರು ಎರಡು ಸಾಲಿನಲ್ಲಿ ಕೂರಿಸ್ತಾರಂತೆ. ಅದನ್ನೇ ಕಳಿಸಿದೆ. ಹಾವೇರಿ ಸರ್, ಓದುವ ಪ್ರತಿಯಲ್ಲಿ ಒಂದು ಕಡೆ ಗೊತ್ತುವಳಿ ಹಾಕಿದ್ದೀವಿ.

ಹಾವೇರಿಯಿಂದ:
ಒಂದು ಕಡೆ ಅಂದರೇನು? ಹಾಕಿದರೆ ಎಲ್ಲ ಕಡೆ ಹಾಕಿ, ಇಲ್ಲದಿದ್ದರೆ ಅದನ್ನೂ ತೆಗೆಯಿರಿ. 'ಬ್ಯಾನರ್' ಬಗ್ಗೆ ಬೇರೆ ಎಳೆಯಲ್ಲಿ ಬರೀತೀನಿ.