ಸಹಾಯ ಬೇಕು: ತಂಗಿಗೆ ರಕ್ಷಣಾ ಆದೇಶ, ವಾಯಿದೆಯ ಮೇಲೆ ವಾಯಿದೆ

ಎಲ್ಲರಿಗೂ ನಮಸ್ಕಾರ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೋರಿ ನನ್ನ ತಂಗಿ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. 2005ರ ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ನಡೆಯಬೇಕು, ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥವಾಗುವಂತೆ ನೋಡಬೇಕು. ನಮಗೆ ಸಿಕ್ಕಿರುವುದು ಮುಂದಿನ ದಿನಾಂಕ ಮಾತ್ರ.

ಕಳೆದ ಬಾರಿ ಜಡಿಮಳೆಯಲ್ಲಿ ಮೊದಲ ಬಸ್ ಹಿಡಿದು ಕೋರ್ಟಿಗೆ ಹೋದೆವು. ಆಸ್ಪತ್ರೆಯ ಚೀಟಿಗಳನ್ನೂ ಫೋಟೊಗಳನ್ನೂ ಗೊಬ್ಬರದ ಚೀಲದ ಒಳಪದರದಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು. ಅವಳ ಗಂಡ ಮೆಟ್ಟಿಲ ಬಳಿಯೇ ಕೊಡೆ ಕೊಡವುತ್ತಾ ನಿಂತಿದ್ದ. ಒಂದು ಮಾತೂ ಆಡಲಿಲ್ಲ, ಇವಳ ಕೈ ಮಾತ್ರ ಮನೆ ತಲುಪುವವರೆಗೂ ನಡುಗುತ್ತಿತ್ತು.

ಅದೇ ಕಾಯ್ದೆಯ 23ನೇ ಕಲಮಿನಡಿ ಮಧ್ಯಂತರ ಆದೇಶ, 16ರಡಿ ಮುಚ್ಚಿದ ಕೊಠಡಿಯಲ್ಲಿ ವಿಚಾರಣೆ ಕೇಳಿ ಪಡೆದವರು ಇಲ್ಲಿದ್ದಾರೆಯೇ? ಅರ್ಜಿಯ ಜೊತೆ ಏನೇನು ಕೊಟ್ಟಿರಿ? ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರು ಸಿಗುತ್ತಾರೆ. ನಡುವೆ ವಕೀಲರನ್ನು ಬದಲಿಸಿದರೆ ಇನ್ನಷ್ಟು ತಡವಾದೀತೇ ಎಂಬುದೇ ನಮ್ಮ ಹೆದರಿಕೆ.

ದಯವಿಟ್ಟು ಹೆಸರು, ಊರು ಕೇಳಬೇಡಿ. ಕೊಡಗು ಚಿಕ್ಕದು, ಸಂತೆಗೆ ಹೋದರೆ ಎಲ್ಲರೂ ನೆಂಟರೇ. ಗೊತ್ತಿದ್ದವರು ಖಾಸಗಿಯಾಗಿ ಬರೆಯಿರಿ. ಮುಂದಿನ ವಾಯಿದೆ ಬರುವ ಗುರುವಾರ.